ನೇವಿ ರಿಸರ್ವ್‌ನಲ್ಲಿ ನರ್ಸ್ ಆಗಬೇಕಾ? ಸೇರುವ ಮುಂಚೆ ತೂಗಿ ನೋಡಬೇಕಾದ್ದು

ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು: "ಅಕ್ಕಾ, ನೀವು ನೇವಿ ರಿಸರ್ವ್‌ನಲ್ಲಿ ನರ್ಸ್ ಅಂತೆ. ನಾನೂ ಸೇರಲಾ? ಆರ್ಮಿಯವರೂ ಫೋನ್ ಮಾಡ್ತಾ ಇದ್ದಾರೆ. ಗೆಳತಿ ಏರ್ ಫೋರ್ಸ್ ಒಳ್ಳೇದು ಅಂತಾಳೆ. ಅಮ್ಮ ಯಾವುದೂ ಬೇಡ ಅಂತಾರೆ." ಒಬ್ಬಟ್ಟು ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಈ ವರ್ಷ ಇದೇ ಪ್ರಶ್ನೆ ಕೇಳಿದವರು ಇವಳೂ ಸೇರಿ ನಾಲ್ಕು ಜನ. ಅದಕ್ಕೇ ಕೂತು ಬರೆದೆ.

ನಾನು ಪುತ್ತೂರಿನ ಕಡೆಯವಳು. ವರ್ಜೀನಿಯಾದಲ್ಲಿ ಐಸಿಯು ನರ್ಸ್. ಜೊತೆಗೆ ನೇವಿ ರಿಸರ್ವ್‌ನಲ್ಲಿ, ಅಂದರೆ ಬೇರೆ ಕೆಲಸ ಮಾಡಿಕೊಂಡೇ ಪಾರ್ಟ್ ಟೈಮ್ ದುಡಿಯುವವರ ಅಮೆರಿಕದ ನೌಕಾ ಮೀಸಲು ಪಡೆಯಲ್ಲಿ, ಲೆಫ್ಟಿನೆಂಟ್. ನೇವಿಯ ಲೆಫ್ಟಿನೆಂಟ್ ಎಂದರೆ ಆರ್ಮಿಯ ಕ್ಯಾಪ್ಟನ್‌ಗೆ ಸಮ. ಇದನ್ನು ನಮ್ಮ ಮಾವನಿಗೆ ಮೂರು ಸಲ ವಿವರಿಸಿದ್ದೇನೆ, ಪ್ರತಿ ಸಲವೂ "ಹಾಗಾದ್ರೆ ಕ್ಯಾಪ್ಟನ್ ಅಂತಲೇ ಹೇಳಬಾರದಾ" ಅಂತಾರೆ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ವ್ಯವಸ್ಥೆಯ ಬಗ್ಗೆ. ಭಾರತದ ನೌಕಾಪಡೆಯಲ್ಲಿ ನರ್ಸ್‌ಗಳಿಗೆ ಹೀಗೆ ಪಾರ್ಟ್ ಟೈಮ್ ದಾರಿ ಇಲ್ಲ. ಕಾರವಾರದ ಐಎನ್‌ಎಚ್‌ಎಸ್ ಪತಂಜಲಿಯಂಥ ನೌಕಾ ಆಸ್ಪತ್ರೆಗಳಲ್ಲಿ ಇರುವವರು ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಪೂರ್ಣಾವಧಿ ಅಧಿಕಾರಿಗಳು. ಆ ಸರ್ವಿಸ್ ಹೆಂಗಸರಿಗೆ ಮಾತ್ರ ಎಂಬ ನಿಯಮವನ್ನು 2023ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ತಳ್ಳಿಹಾಕಿತು. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಏನನ್ನು ನೋಡಿ ತೂಗಬೇಕು

ರಿಕ್ರೂಟರ್ ಯಾವ ಪಡೆಯವರಾದರೂ ಮೊದಲು ಹೇಳುವುದು ಒಂದೇ: ತಿಂಗಳಿಗೆ ಒಂದು ವೀಕೆಂಡ್, ವರ್ಷಕ್ಕೆ ಎರಡು ವಾರ. ಸುಳ್ಳಲ್ಲ. ಆದರೆ ಅದು ಏನೂ ಆಗದ ವರ್ಷದ ಲೆಕ್ಕ. ಕರೆ ಬಂದರೆ ಅದೇ ಕೆಲಸ ತಿಂಗಳುಗಟ್ಟಲೆ, ಎಲ್ಲೋ ದೂರದಲ್ಲಿ. ರಾಷ್ಟ್ರೀಯ ತುರ್ತು ಪರಿಸ್ಥಿತಿಯಲ್ಲಿ ರಿಸರ್ವ್‌ನವರನ್ನು 24 ತಿಂಗಳವರೆಗೂ ಕರೆಯುವ ಅಧಿಕಾರ ಕಾನೂನಿನಲ್ಲಿದೆ. ಸಾಮಾನ್ಯವಾಗಿ ಅಷ್ಟು ಎಳೆಯುವುದಿಲ್ಲ, ಆದರೆ ಒಂದು ವರ್ಷಕ್ಕೆ ಹತ್ತಿರ ಹೋಗುವುದು ಅಪರೂಪವೇನಲ್ಲ. ಮೊದಲ ಸಲ ಸೇರುವವರ ಒಟ್ಟು ಹೊಣೆ 8 ವರ್ಷ. ಕೆಲವು ವರ್ಷ ಡ್ರಿಲ್ (ಆ ತಿಂಗಳ ವೀಕೆಂಡ್ ಹಾಜರಿ), ಉಳಿದದ್ದು ಡ್ರಿಲ್ ಇಲ್ಲದ ಪಟ್ಟಿಯಲ್ಲಿ. ಆ ಪಟ್ಟಿಯಿಂದಲೂ ಕರೆಯಬಹುದು.

ಹಾಗಾಗಿ ನನ್ನ ಮೊದಲ ಅಳತೆಗೋಲು ಇದು: ಮನೆ, ಮಕ್ಕಳು, ಕೆಲಸ ಎಲ್ಲ ಬಿಟ್ಟು ಹತ್ತು ತಿಂಗಳು ಹೋಗಬೇಕಾಗಿ ಬಂದರೆ ಏನಾಗುತ್ತದೆ? ಅದಕ್ಕೆ ಉತ್ತರ ಸಿಕ್ಕ ಮೇಲೆ ಉಳಿದದ್ದು. ನಿಮ್ಮ ಕಾಗದಪತ್ರಗಳು ಯಾವ ಬಾಗಿಲಿಗೆ ಸಾಕಾಗುತ್ತವೆ? ಡ್ರಿಲ್ ವೀಕೆಂಡ್‌ನಲ್ಲಿ ನಿಜವಾಗಿ ಏನು ಕೆಲಸ? ದುಡ್ಡು, ವಿಮೆ, ಪಿಂಚಣಿ ಸೇರಿ ಲಾಭ ಎಷ್ಟು? ಕೊನೆಯದು ನಮ್ಮಂಥವರಿಗೆ ಮಾತ್ರ ಇರುವ ಪ್ರಶ್ನೆ: ಊರಿಗೆ ಹೋಗಿಬರುವುದಕ್ಕೆ ಏನು ತೊಂದರೆ?

ಕಾಗದಪತ್ರದ ಬಾಗಿಲು

ಅರ್ಧ ಜನ ಇಲ್ಲೇ ನಿಲ್ಲುತ್ತಾರೆ. ನೇವಿ ನರ್ಸ್ ಕೋರ್‌ಗೆ, ಅಂದರೆ ನೇವಿಯ ನರ್ಸ್ ಅಧಿಕಾರಿಗಳ ವಿಭಾಗಕ್ಕೆ, ಅಮೆರಿಕದ ಪೌರತ್ವ ಬೇಕು. ಇಲ್ಲಿನ ಮಾನ್ಯತೆ ಪಡೆದ ಕಾಲೇಜಿನ ಬಿಎಸ್‌ಎನ್ ಎಂಬ ನರ್ಸಿಂಗ್ ಪದವಿ ಬೇಕು. ಯಾವುದಾದರೂ ಒಂದು ರಾಜ್ಯದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕು. ವಯಸ್ಸು ಸುಮಾರು 41ರ ಒಳಗಿರಬೇಕು.

ಪದವಿಯ ವಿಷಯ ಸರಿಯಾಗಿ ನೋಡಿಕೊಳ್ಳಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಬಿಎಸ್ಸಿ ನರ್ಸಿಂಗ್ ಮಾಡಿ, ಎನ್‌ಕ್ಲೆಕ್ಸ್ ಎಂಬ ಇಲ್ಲಿನ ಲೈಸೆನ್ಸ್ ಪರೀಕ್ಷೆ ಬರೆದು ಬಂದವರಿಗೆ ಆಸ್ಪತ್ರೆ ಕೆಲಸ ಸಿಗುತ್ತದೆ. ಆದರೆ ಅದೇ ಪದವಿ ಇಟ್ಟುಕೊಂಡು ನೇರವಾಗಿ ನೇವಿ ಅಧಿಕಾರಿ ಆಗಲು ಆಗುವುದಿಲ್ಲ. ಇಲ್ಲಿ ಮತ್ತೆ ಒಂದು ಪದವಿ ಬೇಕು. ನಾನೂ ಹಾಗೇ ಮಾಡಿದೆ, ರಾತ್ರಿ ಶಿಫ್ಟ್ ಮುಗಿಸಿ ಬಂದು ಆನ್‌ಲೈನ್ ಕ್ಲಾಸು. ಆ ಎರಡು ವರ್ಷ ನೆನೆಸಿಕೊಂಡರೆ ಈಗಲೂ ನಿದ್ದೆ ಬರುತ್ತದೆ. ನಿಮ್ಮ ಹತ್ತಿರ ಇಲ್ಲಿನ ಎಂಎಸ್‌ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ) ಇದ್ದರೆ ಅದು ಸಾಕಾ ಎಂದು ಅರ್ಜಿ ಹಾಕುವ ಮುಂಚೆಯೇ ಕೇಳಿ.

ಗ್ರೀನ್ ಕಾರ್ಡ್ ಇರುವವರಿಗೆ ಆರ್ಮಿ ರಿಸರ್ವ್ ಬೇರೆ. ರಿಸರ್ವ್ ಅಧಿಕಾರಿ ಆಗಲು ಕಾಯಂ ನಿವಾಸಿಯೂ ಅರ್ಹ ಎಂದು ಕಾನೂನೇ ಹೇಳುತ್ತದೆ, ಆರ್ಮಿ ರಿಸರ್ವ್ ಆ ಬಾಗಿಲನ್ನು ನರ್ಸ್‌ಗಳಿಗೆ ತೆರೆದಿಟ್ಟಿದೆ. ಅಲ್ಲಿಂದ ಪೌರತ್ವದ ಅರ್ಜಿಯೂ ಬೇಗ ಸಾಗುತ್ತದೆ. ಯುಗಾದಿ ಸಾಲಿನ ಹುಡುಗಿಗೆ ಇದ್ದದ್ದು ಗ್ರೀನ್ ಕಾರ್ಡ್. ನೇವಿ ಅವಳಿಗೆ ಇವತ್ತು ಆಯ್ಕೆಯೇ ಅಲ್ಲ. ಆರ್ಮಿಯವರು ಯಾಕೆ ಫೋನ್ ಮಾಡುತ್ತಿದ್ದಾರೆ ಎನ್ನುವುದೂ ಅಲ್ಲಿಗೆ ಅರ್ಥವಾಯಿತು.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಹಳೆಯ ಮಾಹಿತಿ ಓದಿ ಆಸೆ ಇಟ್ಟುಕೊಳ್ಳಬೇಡಿ. ವೀಸಾದಲ್ಲಿದ್ದ ಡಾಕ್ಟರ್, ನರ್ಸ್‌ಗಳನ್ನು ತೆಗೆದುಕೊಳ್ಳುವ ಮಾವ್ನಿ ಎಂಬ ಯೋಜನೆ ಇತ್ತು. 2016ರಲ್ಲಿ ನಿಂತಿತು.

ದುಡ್ಡಿನ ಲೆಕ್ಕ

ಇದು ಮೂರೂ ಪಡೆಗೆ ಒಂದೇ, ಆದ್ದರಿಂದ ಒಂದೇ ಸಲ ಹೇಳಿಬಿಡುತ್ತೇನೆ. ಒಂದು ವೀಕೆಂಡ್ ಎಂದರೆ ಸಂಬಳದ ಲೆಕ್ಕಕ್ಕೆ ನಾಲ್ಕು ಡ್ರಿಲ್. ಒಂದು ಡ್ರಿಲ್‌ಗೆ ತಿಂಗಳ ಮೂಲ ಸಂಬಳದ ಮೂವತ್ತನೇ ಒಂದು ಭಾಗ. ಅಂದರೆ ಎರಡು ದಿನ ಕೆಲಸಕ್ಕೆ ನಾಲ್ಕು ದಿನದ ಸಂಬಳ. ಕೇಳುವಾಗ ಭರ್ಜರಿ. 2025ರ ಪಟ್ಟಿಯಲ್ಲಿ ಹೊಸದಾಗಿ ಸೇರಿದ ಒ-1 (ಅಧಿಕಾರಿಗಳ ಮೊದಲ ಮೆಟ್ಟಿಲು) ದರ್ಜೆಯವರ ಮೂಲ ಸಂಬಳ ತಿಂಗಳಿಗೆ ಸುಮಾರು 3,998 ಡಾಲರ್, ಒ-3ಕ್ಕೆ (ನೇವಿ ಲೆಫ್ಟಿನೆಂಟ್ ದರ್ಜೆ) ಸುಮಾರು 5,332 ಡಾಲರ್. ವೀಕೆಂಡ್‌ಗೆ ಒ-1ಗೆ 533, ಒ-3ಗೆ 711 ಡಾಲರ್ ಬರುತ್ತದೆ. ನಿಮ್ಮ ಓದು, ಅನುಭವ ನೋಡಿ ಯಾವ ದರ್ಜೆಯಲ್ಲಿ ಒಳಗೆ ಬಿಡಬೇಕು ಎಂದು ಅವರು ತೀರ್ಮಾನಿಸುತ್ತಾರೆ.

ಈಗ ಆಸ್ಪತ್ರೆಯ ಲೆಕ್ಕ ಹಾಕಿ. 2024ರಲ್ಲಿ ಇಲ್ಲಿನ ಆರ್‌ಎನ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 93,600 ಡಾಲರ್, ಗಂಟೆಗೆ 45. ಅದೇ ವೀಕೆಂಡ್‌ನಲ್ಲಿ ಎರಡು ಹನ್ನೆರಡು ಗಂಟೆಯ ಶಿಫ್ಟ್ ಮಾಡಿದರೆ 1,080 ಡಾಲರ್, ಓವರ್‌ಟೈಮ್ ಸಿಕ್ಕರೆ ಇನ್ನೂ ಜಾಸ್ತಿ. ದುಡ್ಡಿಗಾಗಿ ಸೇರುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಸುಮ್ನೆ ಒಂದು ಎಕ್ಸ್‌ಟ್ರಾ ಶಿಫ್ಟ್ ತಗೊಳ್ಳಿ.

ಲಾಭ ಬೇರೆ ಕಡೆ ಇದೆ. ಮೊದಲನೆಯದು ಆರೋಗ್ಯ ವಿಮೆ. ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಎಂಬ ಯೋಜನೆಗೆ 2024ರಲ್ಲಿ ಕಂತು ಒಬ್ಬರಿಗೆ ತಿಂಗಳಿಗೆ ಸುಮಾರು 52 ಡಾಲರ್, ಇಡೀ ಕುಟುಂಬಕ್ಕೆ ಸುಮಾರು 257. ಅದೇ ವರ್ಷ ಕಂಪನಿಗಳ ಮೂಲಕ ಕುಟುಂಬ ವಿಮೆ ತೆಗೆದುಕೊಂಡವರು ತಮ್ಮ ಜೇಬಿನಿಂದ ಕೊಟ್ಟದ್ದು ಸರಾಸರಿ ವರ್ಷಕ್ಕೆ 6,296 ಡಾಲರ್, ಅಂದರೆ ತಿಂಗಳಿಗೆ 525. ಗಂಡನದು ಕಾಂಟ್ರ್ಯಾಕ್ಟ್ ಕೆಲಸ, ನಿಮ್ಮದು ಪರ್‌ಡಿಯಂ (ಕರೆದ ದಿನ ಮಾತ್ರ ಕೆಲಸ) ಎಂದಾದರೆ ಈ ಒಂದೇ ಕಾರಣಕ್ಕೆ ಸೇರಿದವರನ್ನು ನಾನು ನೋಡಿದ್ದೇನೆ, ಅವರನ್ನು ತಪ್ಪು ಅನ್ನುವುದಿಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ. ಫೆಡರಲ್ ನೌಕರರ ವಿಮೆಗೆ ಅರ್ಹರಾದವರು ಈ ಟ್ರೈಕೇರ್ ತೆಗೆದುಕೊಳ್ಳುವಂತಿಲ್ಲ. ಆ ನಿರ್ಬಂಧ ಹೋಗುವುದು 2030ರಲ್ಲಿ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳಲ್ಲಿ ನಮ್ಮ ಕಡೆಯ ನರ್ಸ್‌ಗಳು ಎಷ್ಟು ಜನ ಇದ್ದಾರೆ, ಅಲ್ವಾ? ಅವರಿಗೆಲ್ಲ ಅಲ್ಲಿವರೆಗೆ ಈ ಲಾಭ ಸೊನ್ನೆ.

ಎರಡನೆಯದು ಪಿಂಚಣಿ. ಡ್ರಿಲ್‌ಗೆ ಒಂದು ಪಾಯಿಂಟ್, ಸೇವೆಯ ದಿನಕ್ಕೆ ಒಂದು, ಸದಸ್ಯತ್ವಕ್ಕೆಂದೇ ವರ್ಷಕ್ಕೆ 15. ಮಾಮೂಲಿ ವರ್ಷಕ್ಕೆ 48, 14, 15 ಸೇರಿ 77 ಪಾಯಿಂಟ್. ವರ್ಷಕ್ಕೆ ಕನಿಷ್ಠ 50 ಆದರೆ ಮಾತ್ರ ಅದು ಲೆಕ್ಕಕ್ಕೆ ಬರುವ ವರ್ಷ, ಅಂಥ 20 ವರ್ಷ ಬೇಕು. 77ರಂತೆ 20 ವರ್ಷಕ್ಕೆ 1,540 ಪಾಯಿಂಟ್. ಅದನ್ನು 360ರಿಂದ ಭಾಗಿಸಿ, ಎರಡು ಪರ್ಸೆಂಟ್‌ನಿಂದ ಗುಣಿಸಿದರೆ ಮೂಲ ಸಂಬಳದ ಎಂಟೂವರೆ ಪರ್ಸೆಂಟ್. ಕೊನೆಯ ಸಂಬಳ ತಿಂಗಳಿಗೆ 10,000 ಡಾಲರ್ ಎಂದಿಟ್ಟುಕೊಂಡರೆ ಪಿಂಚಣಿ 850ರ ಸುತ್ತಮುತ್ತ. ಬರುವುದು 60ನೇ ವಯಸ್ಸಿಗೆ. ಕರೆ ಬಂದು ದುಡಿದಿದ್ದರೆ 90 ದಿನಕ್ಕೆ ಮೂರು ತಿಂಗಳಂತೆ ಬೇಗ ಶುರುವಾಗುತ್ತದೆ. ಅದರ ಜೊತೆ ಉಳಿತಾಯ ಖಾತೆಗೆ ನೀವು ಹಾಕಿದರೆ ಸರ್ಕಾರವೂ ಸಂಬಳದ ಐದು ಪರ್ಸೆಂಟ್‌ವರೆಗೆ ಸೇರಿಸುತ್ತದೆ.

ಮೂರನೆಯದು ಬೋನಸ್ ಮತ್ತು ಓದಿನ ಸಾಲ ತೀರಿಸುವ ನೆರವು. ಐಸಿಯು, ಆಪರೇಷನ್ ಥಿಯೇಟರ್, ಅನಸ್ತೇಷಿಯಾ, ಮಾನಸಿಕ ಆರೋಗ್ಯದ ನರ್ಸ್‌ಗಳಿಗೆ ಬೇಡಿಕೆ ಜಾಸ್ತಿ. ಪಟ್ಟಿ ಪ್ರತಿ ಹಣಕಾಸು ವರ್ಷ ಬದಲಾಗುತ್ತದೆ. ಹೋದ ವರ್ಷ ಗೆಳತಿಗೆ ಸಿಕ್ಕಿತ್ತು ಎಂಬ ಮಾತಿಗೆ ಬೆಲೆ ಇಲ್ಲ.

ನೇವಿ ರಿಸರ್ವ್

ನೇವಿ ನರ್ಸ್ ಕೋರ್ ಶುರುವಾದದ್ದು 1908ರಲ್ಲಿ, ಇಪ್ಪತ್ತು ಹೆಂಗಸರೊಂದಿಗೆ. ನೇವಿ ಅವರಿಗೆ ಊಟ, ವಸತಿ ಕೊಡಲಿಲ್ಲ. ವಾಷಿಂಗ್ಟನ್‌ನಲ್ಲಿ ತಾವೇ ಬಾಡಿಗೆ ಮನೆ ಹಿಡಿದು, ತಾವೇ ಅಡುಗೆ ಮನೆ ನಡೆಸಿದರು. ಈಗ ಪರವಾಗಿಲ್ಲ, ಆದರೆ ನಿಮ್ಮ ವ್ಯವಸ್ಥೆ ನೀವೇ ನೋಡಿಕೊಳ್ಳಬೇಕು ಎಂಬ ಗುಣ ಈ ಪಡೆಗೆ ಪೂರ್ತಿ ಬಿಟ್ಟುಹೋಗಿಲ್ಲ.

ಹೇಗೆಂದರೆ, ನೀವು ಡ್ರಿಲ್‌ಗೆ ಹೋಗುವುದು ಮನೆಗೆ ಹತ್ತಿರದ ನೇವಿ ರಿಸರ್ವ್ ಸೆಂಟರ್‌ಗೆ. ಆದರೆ ನೀವು ಸೇರಿರುವ ಘಟಕ ಬೇರೆ ರಾಜ್ಯದಲ್ಲಿ ಇರಬಹುದು. ನೇವಿಯ ದೊಡ್ಡ ವೈದ್ಯಕೀಯ ಘಟಕಗಳು ಎಕ್ಸ್‌ಪೆಡಿಷನರಿ ಮೆಡಿಕಲ್ ಫೆಸಿಲಿಟಿ, ಅಂದರೆ ಹೊತ್ತೊಯ್ದು ನಿಲ್ಲಿಸುವ ಆಸ್ಪತ್ರೆ. ಅವುಗಳ ಜನ ದೇಶದ ತುಂಬ ಚದುರಿರುತ್ತಾರೆ. ವರ್ಷದಲ್ಲಿ ಕೆಲವು ಸಲ ಅಲ್ಲಿಗೆ ಹೋಗಬೇಕು. ಪ್ರಯಾಣದ ಖರ್ಚು ಎಲ್ಲ ಸಲವೂ ಸರ್ಕಾರದ್ದಲ್ಲ. 150 ಮೈಲಿಗಿಂತ ದೂರ ಇದ್ದು, ನಿಮ್ಮ ಹುದ್ದೆ ಅದಕ್ಕೆ ಅರ್ಹವಾಗಿದ್ದರೆ ಸ್ವಲ್ಪ ವಾಪಸ್ ಸಿಗುತ್ತದೆ. ಚಿಕ್ಕ ಊರಿನಲ್ಲಿ ಇರುವವರು ಇದನ್ನು ಮೊದಲೇ ಕೇಳಿಕೊಳ್ಳಿ.

ವೀಕೆಂಡ್‌ನಲ್ಲಿ ಮಾಡುವುದೇನು? ಸಿನಿಮಾದಂತೆ ಹಡಗಿನ ಮೇಲೆ ನಿಂತು ಸೆಲ್ಯೂಟ್ ಹೊಡೆಯುವುದಲ್ಲ. ಹೆಚ್ಚಿನ ಸಲ ಇತರ ರಿಸರ್ವ್ ನಾವಿಕರ ವಾರ್ಷಿಕ ಆರೋಗ್ಯ ತಪಾಸಣೆ, ಲಸಿಕೆ, ರಕ್ತ ಪರೀಕ್ಷೆ, ದಾಖಲೆ ಸರಿಪಡಿಸುವುದು, ಮುಗಿಯದ ಆನ್‌ಲೈನ್ ತರಬೇತಿ. ಬೇಸರ ಆಗುತ್ತದೆ. ಮೊದಲ ವರ್ಷ ನಾನು ಇದಕ್ಕೇನಾ ಬಂದದ್ದು ಅಂದುಕೊಂಡದ್ದುಂಟು. ನಿಜವಾದ ನರ್ಸಿಂಗ್ ಇರುವುದು ವರ್ಷದ ಎರಡು ವಾರದಲ್ಲಿ, ನೌಕಾ ಆಸ್ಪತ್ರೆಗೋ ಫೀಲ್ಡ್ ಅಭ್ಯಾಸಕ್ಕೋ ಹೋದಾಗ.

ಕರೆ ಬಂದರೆ ಎಲ್ಲಿಗೆ? ನೇವಿ ಎಂದ ತಕ್ಷಣ ಹಡಗು ಎಂದುಕೊಳ್ಳಬೇಡಿ. ಅಫ್ಘಾನಿಸ್ತಾನಕ್ಕೆ ಸಮುದ್ರವೇ ಇಲ್ಲ, ಆದರೂ ಕಂದಹಾರ್‌ನ ನೇಟೋ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದ್ದು ಅಮೆರಿಕದ ನೇವಿ. ಜರ್ಮನಿಯ ಲ್ಯಾಂಡ್‌ಸ್ಟೂಲ್ ಆಸ್ಪತ್ರೆ ಆಗ ಆರ್ಮಿಯದು, ಅಲ್ಲೂ ನೇವಿ ರಿಸರ್ವ್ ನರ್ಸ್‌ಗಳು ದುಡಿದರು. ಕುವೈತ್‌ನಲ್ಲೂ ಹಾಗೇ. ಹಡಗಿನ ಅವಕಾಶ ಇರುವುದು ಮುಖ್ಯವಾಗಿ ಎರಡು ಆಸ್ಪತ್ರೆ ಹಡಗುಗಳಲ್ಲಿ, ಮರ್ಸಿ ಮತ್ತು ಕಂಫರ್ಟ್. ಒಂದೊಂದರಲ್ಲೂ 1,000 ಹಾಸಿಗೆ. 2020ರ ಮಾರ್ಚ್‌ನಲ್ಲಿ ಕಂಫರ್ಟ್ ನ್ಯೂಯಾರ್ಕ್ ಬಂದರಿಗೆ ಬಂದು ನಿಂತಾಗ ಜನ ದಡದಲ್ಲಿ ಸಾಲುಗಟ್ಟಿ ನೋಡಿದರು. ಅಷ್ಟು ದೊಡ್ಡ ಹಡಗಿನಲ್ಲಿ ಚಿಕಿತ್ಸೆ ಪಡೆದವರು ಕೊನೆಗೆ 200 ಜನವೂ ಆಗಲಿಲ್ಲ. ಕೋವಿಡ್‌ನ ಭಾರ ಬಿದ್ದದ್ದು ನಗರದ ಆಸ್ಪತ್ರೆಗಳ ಮೇಲೆ, ನೇವಿ ರಿಸರ್ವ್ ನರ್ಸ್‌ಗಳನ್ನು ಅಲ್ಲಿಗೇ ಕಳಿಸಿದರು. ಕ್ವೀನ್ಸ್‌ನ ಎಲ್ಮ್‌ಹರ್ಸ್ಟ್‌ನಂಥ ಕಡೆ ಸಿವಿಲಿಯನ್ ನರ್ಸ್‌ಗಳ ಪಕ್ಕದಲ್ಲೇ ನಿಂತು ಕೆಲಸ ಮಾಡಿದರು. ನೇವಿ ಎಂದರೆ ಹೀಗೆ, ಎಲ್ಲಿ ಖಾಲಿ ಜಾಗ ಇದೆಯೋ ಅಲ್ಲಿಗೆ.

ಇನ್ನೊಂದು ಮಾತು, ಬೇರೆ ಯಾರೂ ಹೇಳದ್ದು. ಈಜು ಬರಬೇಕು. ನ್ಯೂಪೋರ್ಟ್‌ನ ಅಧಿಕಾರಿ ತರಬೇತಿಯಲ್ಲಿ ಎತ್ತರದಿಂದ ಆಳ ನೀರಿಗೆ ಹಾರುವುದು, 50 ಗಜ ಈಜುವುದು, ಐದು ನಿಮಿಷ ಮುಖ ಕೆಳಗೆ ಮಾಡಿ ತೇಲುವುದು, ಇದಿಷ್ಟು ಪರೀಕ್ಷೆ. ಕುಮಾರಧಾರೆ ಪಕ್ಕದಲ್ಲೇ ಬೆಳೆದರೂ ನನಗೆ ಈಜು ಬರುತ್ತಿರಲಿಲ್ಲ. ಹೊಳೆ ಕಡೆ ಹೋದರೆ ಕಾಲು ಮುರಿಯುತ್ತೇನೆ ಎನ್ನುತ್ತಿದ್ದ ಮನೆ ನಮ್ಮದು! ಮೂವತ್ತೊಂದನೇ ವಯಸ್ಸಿನಲ್ಲಿ ಏಳು ವರ್ಷದ ಮಕ್ಕಳ ಜೊತೆ ನಿಂತು ಕಲಿತೆ. ಆರು ತಿಂಗಳು ಮುಂಚೆಯೇ ಶುರುಮಾಡಿ. ದೈಹಿಕ ಪರೀಕ್ಷೆಯಲ್ಲಿ ಪುಷ್ಅಪ್, ಪ್ಲ್ಯಾಂಕ್, ಒಂದೂವರೆ ಮೈಲಿ ಓಟ. ಅದು ಅಭ್ಯಾಸದಿಂದ ಬರುತ್ತದೆ.

ಆರ್ಮಿ ರಿಸರ್ವ್

ಇದು ದೊಡ್ಡ ಪಡೆ. ಆರ್ಮಿಯ ವೈದ್ಯಕೀಯ ಶಕ್ತಿಯ ದೊಡ್ಡ ಪಾಲು ರಿಸರ್ವ್‌ನಲ್ಲೇ ಇದೆ. ಹಾಗಾಗಿ ಘಟಕಗಳು ಜಾಸ್ತಿ, ಮನೆ ಹತ್ತಿರ ಸಿಗುವ ಸಾಧ್ಯತೆಯೂ ಜಾಸ್ತಿ. ನೀವು ಡ್ರಿಲ್ ಮಾಡುವ ಜನರ ಜೊತೆಯೇ ಹೋಗುವ ಸಾಧ್ಯತೆ ಇಲ್ಲಿ ಹೆಚ್ಚು. ನೇವಿಯಲ್ಲಿ ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗುವುದುಂಟು, ಮುಖ ನೋಡದವರ ಜೊತೆ ಕೆಲಸ ಶುರುಮಾಡಬೇಕು. ಕುಟುಂಬದವರಿಗೆ ಇದು ಚಿಕ್ಕ ವಿಷಯ ಅನ್ನಿಸಬಹುದು. ಹೋದವರಿಗೆ ಚಿಕ್ಕದಲ್ಲ.

ತರಬೇತಿ ಸ್ಯಾನ್ ಆಂಟೋನಿಯೋದ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ. ಬೇಸಗೆಯ ಅಭ್ಯಾಸ ಎಂದರೆ ವಿಸ್ಕಾನ್ಸಿನ್‌ನ ಫೋರ್ಟ್ ಮೆಕಾಯ್‌ನಂಥ ಕಡೆ ಟೆಂಟ್, ಜನರೇಟರ್, ಸೊಳ್ಳೆ. ಟೆಂಟಿನಲ್ಲಿ ಮಲಗಿ ಅಭ್ಯಾಸ ಇಲ್ಲದವರು ಒಮ್ಮೆ ಯೋಚಿಸಿ. 2020ರಲ್ಲಿ ಆರ್ಮಿ ರಿಸರ್ವ್ 85 ಜನರ ತಂಡಗಳನ್ನು ಕಟ್ಟಿ ನಗರಗಳ ಆಸ್ಪತ್ರೆಗಳಿಗೆ ಕಳಿಸಿತು. ಇಡೀ ತಂಡ ಒಟ್ಟಿಗೆ ಹೋಯಿತು ಎನ್ನುವುದನ್ನು ಗಮನಿಸಿ.

ಒಂದು ವ್ಯತ್ಯಾಸ ತಿಳಿದಿರಲಿ. ಆರ್ಮಿ ರಿಸರ್ವ್‌ನ ಡಾಕ್ಟರ್, ಡೆಂಟಿಸ್ಟ್, ಅನಸ್ತೇಷಿಯಾ ನರ್ಸ್‌ಗಳಿಗೆ 90 ದಿನಕ್ಕೊಮ್ಮೆ ಸರದಿ ಬದಲಿಸುವ ನೀತಿ ಇದೆ. ಉಳಿದ ನರ್ಸ್‌ಗಳಿಗೆ ಅದು ಅನ್ವಯಿಸುವುದಿಲ್ಲ. "ಮೂರು ತಿಂಗಳು ಅಷ್ಟೇ" ಎಂದು ಯಾರಾದರೂ ಹೇಳಿದರೆ ಯಾರ ವಿಷಯ ಹೇಳುತ್ತಿದ್ದಾರೆ ಎಂದು ಕೇಳಿ.

ಏರ್ ಫೋರ್ಸ್ ರಿಸರ್ವ್

ಕ್ಲಿನಿಕಲ್ ಕೆಲಸವೇ ಮುಖ್ಯ ಎನ್ನುವವರಿಗೆ ನನ್ನ ಮೊದಲ ಆಯ್ಕೆ ಇದು. ನೇವಿಯವಳಾಗಿ ಹೀಗೆ ಹೇಳಿದ್ದು ನಮ್ಮ ಘಟಕದವರಿಗೆ ಗೊತ್ತಾಗದಿರಲಿ. ಗಾಯಾಳುಗಳನ್ನು ವಿಮಾನದಲ್ಲಿ ಸಾಗಿಸುವ ಕೆಲಸದ ಬಹುಪಾಲು ರಿಸರ್ವ್ ಮತ್ತು ನ್ಯಾಷನಲ್ ಗಾರ್ಡ್ (ರಾಜ್ಯಗಳ ಮೀಸಲು ಪಡೆ) ಇವರದ್ದೇ. ಸಾಮಾನ್ಯ ತಂಡದಲ್ಲಿ ಇಬ್ಬರು ಫ್ಲೈಟ್ ನರ್ಸ್, ಮೂವರು ಟೆಕ್ನಿಷಿಯನ್. ವಿಮಾನದಲ್ಲಿ ಡಾಕ್ಟರ್ ಇರಲೇಬೇಕೆಂದಿಲ್ಲ, ನರ್ಸ್‌ನ ಮಾತೇ ಕೊನೆಯದು. ತೀರಾ ಗಂಭೀರ ರೋಗಿ ಇದ್ದರೆ ಒಬ್ಬ ಡಾಕ್ಟರ್, ಒಬ್ಬ ಐಸಿಯು ನರ್ಸ್, ಒಬ್ಬ ಉಸಿರಾಟದ ಥೆರಪಿಸ್ಟ್ ಇರುವ ಮೂರು ಜನರ ತಂಡ ಜೊತೆಗೆ ಹತ್ತುತ್ತದೆ. ಸಿ-17, ಸಿ-130 ವಿಮಾನಗಳ ಹೊಟ್ಟೆಯೇ ವಾರ್ಡ್. ಆ ಸದ್ದಿನಲ್ಲಿ ಸ್ಟೆತಾಸ್ಕೋಪ್ ಉಪಯೋಗಕ್ಕೆ ಬರುವುದಿಲ್ಲ. ಎತ್ತರ ಹೋದಂತೆ ಗಾಳಿ ಹಿಗ್ಗುತ್ತದೆ, ಎದೆಯಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡ ಗಾಳಿಯೂ ಹಿಗ್ಗುತ್ತದೆ. ಇದೆಲ್ಲ ಹೊಸದಾಗಿ ಕಲಿಯುವ ವಿದ್ಯೆ.

ಬೆಲೆ ಏನೆಂದರೆ ಸಮಯ. ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿ ಅಧಿಕಾರಿ ತರಬೇತಿ, ಒಹಾಯೋದ ರೈಟ್-ಪ್ಯಾಟರ್ಸನ್‌ನಲ್ಲಿ ಫ್ಲೈಟ್ ನರ್ಸ್ ಕೋರ್ಸ್, ಅದರ ಜೊತೆ ಕಾಡಿನಲ್ಲಿ, ನೀರಿನಲ್ಲಿ ಬದುಕುಳಿಯುವ ತರಬೇತಿ, ಆಮೇಲೆ ಹಾರಾಟದ ಗಂಟೆಗಳು. ಮೊದಲ ಒಂದೆರಡು ವರ್ಷ "ತಿಂಗಳಿಗೊಂದು ವೀಕೆಂಡ್" ಎಂಬ ಮಾತು ನಗು ತರಿಸುತ್ತದೆ. ಸ್ಕ್ವಾಡ್ರನ್‌ಗಳು ಇರುವುದು ಕೆಲವೇ ನೆಲೆಗಳಲ್ಲಿ: ಕ್ಯಾಲಿಫೋರ್ನಿಯಾದ ಟ್ರಾವಿಸ್, ವಾಷಿಂಗ್ಟನ್ ಪಕ್ಕದ ಆಂಡ್ರ್ಯೂಸ್, ಟೆಕ್ಸಸ್‌ನ ಲ್ಯಾಕ್‌ಲ್ಯಾಂಡ್, ನ್ಯೂಜೆರ್ಸಿಯ ಮೆಗ್ವೈರ್, ಹೀಗೆ. ಬೇ ಏರಿಯಾದವರಿಗೆ ಟ್ರಾವಿಸ್ ಹತ್ತಿರ. ಬೇರೆ ಊರಿನವರು ಹತ್ತಿರದಲ್ಲಿ ಏನಿದೆ ಎಂದು ಹುಡುಕಬೇಕು. ವಯಸ್ಸಿನ ವಿಷಯದಲ್ಲಿ ಇವರು ಸ್ವಲ್ಪ ಉದಾರಿಗಳು, 40 ದಾಟಿದವರೂ ಕೇಳಿ ನೋಡಬಹುದು.

ನ್ಯಾಷನಲ್ ಗಾರ್ಡ್ ಬಗ್ಗೆ ಒಂದೇ ಮಾತು. ಅದು ಆರ್ಮಿ, ಏರ್ ಫೋರ್ಸ್‌ಗೆ ಮಾತ್ರ ಇದೆ, ನೇವಿಗೆ ಇಲ್ಲ. ರಾಜ್ಯಪಾಲರೂ ಕರೆಯಬಹುದು, ಅಧ್ಯಕ್ಷರೂ ಕರೆಯಬಹುದು. ಪ್ರವಾಹ, ಬಿರುಗಾಳಿ ಬಂದಾಗ ಮೊದಲು ಹೋಗುವವರು ಇವರು.

ಯೂನಿಫಾರ್ಮ್ ಇಲ್ಲದೆಯೂ ಸೇವೆ

ನನ್ನನ್ನು ಕೇಳಿದ ನಾಲ್ವರಲ್ಲಿ ಇಬ್ಬರಿಗೆ ನಾನು ಹೇಳಿದ್ದು ಇದನ್ನೇ. ಎನ್‌ಡಿಎಂಎಸ್ ಎಂಬ ಫೆಡರಲ್ ವ್ಯವಸ್ಥೆ ಇದೆ. ಬಿರುಗಾಳಿ, ಭೂಕಂಪ ಬಂದಾಗ ನರ್ಸ್‌ಗಳ ತಂಡ ಕಳಿಸುತ್ತದೆ. ಒಂದು ಸಲ ಹೋದರೆ ಸಾಮಾನ್ಯವಾಗಿ ಎರಡು ವಾರ, ಆ ದಿನಗಳಿಗೆ ಸಂಬಳ. ಹೋದಾಗ ನಿಮ್ಮ ಆಸ್ಪತ್ರೆ ಕೆಲಸಕ್ಕೆ ರಿಸರ್ವ್‌ನವರಿಗೆ ಇರುವಂಥದ್ದೇ ಕಾನೂನಿನ ರಕ್ಷಣೆ. ಪಿಂಚಣಿ, ವಿಮೆ ಇಲ್ಲ. ಪೌರತ್ವ ಬೇಕು. ಇನ್ನೂ ಸಣ್ಣದು ಬೇಕೆಂದರೆ ಮೆಡಿಕಲ್ ರಿಸರ್ವ್ ಕೋರ್, 2002ರಿಂದ ಇದೆ. ಕೌಂಟಿ (ಇಲ್ಲಿನ ಜಿಲ್ಲೆ) ಆರೋಗ್ಯ ಇಲಾಖೆಯ ಜೊತೆ ಲಸಿಕೆ ಶಿಬಿರ, ನಿರಾಶ್ರಿತರ ಆಸರೆ ಎಂದು ಸ್ವಯಂಸೇವೆ. ದುಡ್ಡಿಲ್ಲ, ಹೊಣೆಯೂ ಹಗುರ. ವೀಸಾದಲ್ಲಿ ಇರುವವರನ್ನು ಸೇರಿಸಿಕೊಳ್ಳುತ್ತಾರಾ ಎಂದು ನಿಮ್ಮ ಕೌಂಟಿಯ ಘಟಕವನ್ನೇ ಕೇಳಿ.

ಊರು, ಒಸಿಐ, ಅಜ್ಜಿ-ತಾತ

ಈ ಭಾಗವನ್ನು ಯಾವ ರಿಕ್ರೂಟರೂ ನಿಮಗೆ ಹೇಳುವುದಿಲ್ಲ, ಪಾಪ ಅವರಿಗೆ ಗೊತ್ತೂ ಇರುವುದಿಲ್ಲ. ವಿದೇಶಿ ಸೇನೆಯಲ್ಲಿ ಈಗ ಇರುವವರು, ಇದ್ದು ನಿವೃತ್ತರಾದವರು ಒಸಿಐ ಕಾರ್ಡ್‌ಗೆ (ಬೇರೆ ದೇಶದ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗಲು ಇರುವ ಕಾರ್ಡ್) ಅರ್ಹರಲ್ಲ ಎಂಬುದು ಭಾರತ ಸರ್ಕಾರದ ನಿಯಮ. ನಾನು ಸೇರುವಾಗ ಕೇಳಿದ್ದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ರಿಕ್ರೂಟರ್ ಧೈರ್ಯವಾಗಿ ಹೇಳಿದರು. ನಂಬಿದೆ. ಪೌರತ್ವ ಬಂದು, ಸೇರಿ, ಆಮೇಲೆ ಒಸಿಐ ಅರ್ಜಿ ತುಂಬಲು ಕೂತಾಗ ವಿದೇಶಿ ಸೇನೆಯಲ್ಲಿದ್ದೀರಾ ಎಂಬ ಪ್ರಶ್ನೆ ಕಣ್ಣಿಗೆ ಬಿತ್ತು. ಅರ್ಜಿಯನ್ನು ಅಲ್ಲಿಗೇ ಬಿಟ್ಟೆ. ಈಗ ಅಪ್ಪನನ್ನು ನೋಡಲು ಹೋಗುವಾಗಲೆಲ್ಲ ವೀಸಾ. ಸೆಕ್ಯೂರಿಟಿ ಕ್ಲಿಯರೆನ್ಸ್ (ಗುಪ್ತ ಮಾಹಿತಿ ನೋಡಲು ಸರ್ಕಾರದ ಅನುಮತಿ) ಇರುವುದರಿಂದ ಪ್ರಯಾಣದ ವಿವರವನ್ನು ಘಟಕಕ್ಕೆ ಮೊದಲೇ ತಿಳಿಸಬೇಕು. ಕ್ಲಿಯರೆನ್ಸ್ ಅರ್ಜಿಯಲ್ಲಿ ಊರಿನ ನೆಂಟರ ಹೆಸರು, ವಿಳಾಸ ಬರೆಯುವುದೇ ಒಂದು ವಾರದ ಕೆಲಸ. ನಮ್ಮಲ್ಲಿ ನೆಂಟರು ಎಂದರೆ ಎಲ್ಲಿ ನಿಲ್ಲಿಸುವುದು?

ಒಸಿಐ ಈಗಾಗಲೇ ಕೈಯಲ್ಲಿ ಇರುವವರು, ಸೇರುವ ಮುಂಚೆ ಭಾರತದ ಕಾನ್ಸುಲೇಟ್‌ಗೆ ಬರೆದು ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಮುಚ್ಚಿಡುವ ಯೋಚನೆ ಮಾಡಬೇಡಿ. ಈ ನಿಯಮ ನೇವಿ, ಆರ್ಮಿ, ಏರ್ ಫೋರ್ಸ್ ಮೂರಕ್ಕೂ ಒಂದೇ. ಎನ್‌ಡಿಎಂಎಸ್, ಮೆಡಿಕಲ್ ರಿಸರ್ವ್ ಕೋರ್ ಸೇನೆಯಲ್ಲ, ಅಲ್ಲಿ ಈ ತಲೆನೋವಿಲ್ಲ.

ಇನ್ನು ಮಕ್ಕಳು. ಒಂಟಿ ಪೋಷಕರು ಮತ್ತು ಗಂಡ-ಹೆಂಡತಿ ಇಬ್ಬರೂ ಸೇನೆಯಲ್ಲಿರುವವರು, ಕರೆ ಬಂದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದು ಕೊಡಲೇಬೇಕು. ಉಳಿದವರೂ ಒಂದು ಕಾಗದದ ಮೇಲೆ ಬರೆದು ನೋಡಿ. ನಮ್ಮಲ್ಲಿ ಎಲ್ಲರ ಉತ್ತರ ಒಂದೇ: "ಅತ್ತೆ ಬರ್ತಾರೆ." ಅತ್ತೆಯ ವಿಸಿಟರ್ ವೀಸಾ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ನಿಮ್ಮ ಕರೆ ಹತ್ತು ತಿಂಗಳು.

ಕೆಲಸದ ವಿಷಯದಲ್ಲಿ ಹೆದರಬೇಡಿ. 1994ರ ಯುಸೆರಾ ಕಾನೂನಿನ ಪ್ರಕಾರ, ನಿಮ್ಮ ಆಸ್ಪತ್ರೆ ಎಷ್ಟೇ ಚಿಕ್ಕದಿರಲಿ, ಹಿಂದಿರುಗಿದಾಗ ಕೆಲಸ ಕೊಡಲೇಬೇಕು. ಆದರೆ ಡ್ರಿಲ್ ವೀಕೆಂಡ್ ಬಂದಾಗಲೆಲ್ಲ ಮುಖ ಸಿಂಡರಿಸುವ ನರ್ಸ್ ಮ್ಯಾನೇಜರ್‌ಗೆ ಯಾವ ಕಾನೂನೂ ಮದ್ದಲ್ಲ. ವರ್ಷದ ಡ್ರಿಲ್ ದಿನಾಂಕಗಳನ್ನು ಸಿಕ್ಕ ದಿನವೇ ಮೇಲ್ ಮಾಡಿ. ಶಿಫ್ಟ್ ಬದಲಿಸಿಕೊಂಡ ಗೆಳತಿಯರಿಗೆ ಚಕ್ಕುಲಿ ತಗೊಂಡು ಹೋಗಿ. ನಾನು ಹಾಗೇ ಮಾಡುತ್ತಾ ಬಂದಿದ್ದೇನೆ.

ಯಾರಿಗೆ ಯಾವುದು

ಇಪ್ಪತ್ತೈದರ ಸುತ್ತಮುತ್ತ, ಓದಿನ ಸಾಲ ತಲೆ ಮೇಲೆ, ಮದುವೆ ಇಲ್ಲ, ಗ್ರೀನ್ ಕಾರ್ಡ್ ಇದೆ: ಆರ್ಮಿ ರಿಸರ್ವ್. ಅದೇ ಹುಡುಗಿಗೆ ಪೌರತ್ವ ಇದ್ದು, ಬೇರೆ ಬೇರೆ ಜಾಗ ನೋಡುವ ಆಸೆ ಇದ್ದು, ಒಬ್ಬಳೇ ಹೋಗಲು ಅಳುಕಿಲ್ಲದಿದ್ದರೆ ನೇವಿ. ಐಸಿಯು ಅಥವಾ ಎಮರ್ಜೆನ್ಸಿಯಲ್ಲಿ ಪಳಗಿದವರು, ನೆಲೆಯಿಂದ ಎರಡು ಗಂಟೆ ದೂರದೊಳಗೆ ಇರುವವರು, ಮೊದಲ ಎರಡು ವರ್ಷ ಸಮಯ ಕೊಡಬಲ್ಲವರು ಏರ್ ಫೋರ್ಸ್ ನೋಡಿ.

ವಿಎ ಆಸ್ಪತ್ರೆಯ ನರ್ಸ್ ಆಗಿದ್ದರೆ ವಿಮೆಯ ಲೆಕ್ಕ ಬಿಟ್ಟು, ಪಿಂಚಣಿ ಮತ್ತು ಆಸಕ್ತಿ ಎರಡನ್ನೇ ಇಟ್ಟು ಯೋಚಿಸಿ. ಎರಡು ಪುಟ್ಟ ಮಕ್ಕಳಿದ್ದು ಗಂಡನೂ ಊರೂರು ತಿರುಗುವ ಕೆಲಸದಲ್ಲಿದ್ದರೆ ಈಗ ಬೇಡ, ಎನ್‌ಡಿಎಂಎಸ್ ಸಾಕು. ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು, ಅವರು ಊರಲ್ಲಿ, ಫೋನ್ ಬಂದರೆ ಮರುದಿನವೇ ವಿಮಾನ ಹತ್ತಬೇಕು ಎನ್ನುವವರಿಗೆ ನಾನು ಸೇನೆಯ ಯಾವ ರಿಸರ್ವ್ ಅನ್ನೂ ಹೇಳುವುದಿಲ್ಲ. ನಾನು ಸೇರಿದಾಗ ನನಗೆ ಇಬ್ಬರು ಅಣ್ಣಂದಿರು ಊರಲ್ಲಿದ್ದರು. ಅದಿಲ್ಲದಿದ್ದರೆ ಸೇರುತ್ತಿರಲಿಲ್ಲ.

ರಿಕ್ರೂಟರ್ ಹತ್ತಿರ ಹೋದಾಗ ಇಷ್ಟನ್ನು ಬರಹದಲ್ಲಿ ಕೇಳಿ. ನನ್ನನ್ನು ಯಾವ ದರ್ಜೆಯಲ್ಲಿ ತೆಗೆದುಕೊಳ್ಳುತ್ತೀರಿ? ಡ್ರಿಲ್ ಎಲ್ಲಿ, ಘಟಕ ಎಲ್ಲಿ, ಪ್ರಯಾಣದ ಖರ್ಚು ಯಾರದ್ದು? ಎಷ್ಟು ವರ್ಷ ಡ್ರಿಲ್, ಎಷ್ಟು ವರ್ಷ ಬರೀ ಪಟ್ಟಿಯಲ್ಲಿ? ಮೊದಲ ತರಬೇತಿ ಎಷ್ಟು ವಾರ, ಒಟ್ಟಿಗೇ ಮುಗಿಯುತ್ತದಾ? ಬೋನಸ್ ಅಥವಾ ಸಾಲದ ನೆರವು ನನ್ನ ಒಪ್ಪಂದದಲ್ಲಿ ಯಾವ ಸಾಲಿನಲ್ಲಿದೆ? ಸೇರಿದ ಮೇಲೆ ಮೊದಲ ಎರಡು ವರ್ಷ ಕರೆಯಿಂದ ವಿನಾಯಿತಿ ಏನಾದರೂ ಇದೆಯಾ, ಇದ್ದರೆ ಎಷ್ಟು ದಿನ? ಇದೇ ಪ್ರಶ್ನೆಗಳನ್ನು ಆ ಘಟಕದಲ್ಲಿ ಈಗಾಗಲೇ ಇರುವ ನರ್ಸ್ ಒಬ್ಬರಿಗೂ ಕೇಳಿ, ಆ ನಂಬರ್ ಕೊಡಲು ರಿಕ್ರೂಟರ್‌ಗೇ ಹೇಳಿ. ಎರಡೂ ಉತ್ತರ ಹೊಂದಿಕೆಯಾಗದಿದ್ದರೆ ನರ್ಸ್ ಹೇಳಿದ್ದನ್ನು ನಂಬಿ.